ಮಗಳ ಸ್ಕೇಟ್‌ಬೋರ್ಡ್ ನಮ್ಮ ಓಣಿಯಾಗ ಓಡವಲ್ದು: ಬೇರಿಂಗ್ ಬದಲಿಸಬೇಕೋ, ವೀಲ್ ಬದಲಿಸಬೇಕೋ?

ಸವಿತಾ_ಹುಬ್ಬಳ್ಳಿ
ಎಲ್ಲಾರಿಗೂ ನಮಸ್ಕಾರ್ರಿ. ನನ್ನ ಮಗಳಿಗೆ ಹನ್ನೊಂದು ವರ್ಷ. ಟಿವಿಯೊಳಗ ಒಲಿಂಪಿಕ್ಸ್ ನೋಡಿದಾಗಿಂದ ಸ್ಕೇಟ್‌ಬೋರ್ಡ್ ಬೇಕಂತ ಗಂಟುಬಿದ್ದಿದ್ಲು. ಹೋದ ತಿಂಗಳ ಹುಟ್ಟುಹಬ್ಬಕ್ಕ ಆನ್‌ಲೈನ್‌ನಾಗ ತರಿಸಿದ್ವಿ, 2,800 ರೂಪಾಯಿ. ಮನಿಯೊಳಗ ಗ್ರಾನೈಟ್ ಮ್ಯಾಲ ಛಂದ ಓಡತೈತಿ. ಓಣಿಗೆ ಇಳಿಸಿದ್ರ ಮುಗೀತು. ಗಡಗಡ ನಡುಗಿ ಪಾದ ಜುಮ್ಮಂತಾವ ಅಂತಾಳ. ಒಂದು ಸಣ್ಣ ಕಡಿ ವೀಲಿನ ಮುಂದ ಬಂದ್ರ ಬೋರ್ಡ್ ಅಲ್ಲೇ ನಿಲ್ಲತೈತಿ, ಈಕಿ ಮುಂದ ಹೋಗಿ ಬೀಳ್ತಾಳ. ಮೊನ್ನೆ ಅಂಗೈ ತರಚಿಕೊಂಡು ಬಂದ್ಲು. ನಾ ಹೋಗಿ ಆ ಕಡಿ ನೋಡೀನಿ, ಹುಣಸಿ ಬೀಜದಷ್ಟ ಇತ್ತು, ಅದಕ್ಕಿಂತ ದೊಡ್ಡದಲ್ಲ.

ಇಲ್ಲೊಬ್ಬ ಅಂಗಡಿಯವ "ಬೇರಿಂಗ್ ಹಲ್ಕಾ ಅದಾವ್ರಿ, ಎಬೆಕ್ 9 ಹಾಕಸ್ರಿ, 1,500 ಆಗತೈತಿ" ಅಂದ. ನಮ್ಮ ಮನಿಯವ್ರು ಬೋರ್ಡೇ ವಾಪಸ್ ಕಳಸು ಅಂತಾರ. ತಿಳಿದವ್ರು ಯಾರರ ಇದ್ರ ಹೇಳ್ರಿ.

ಕೆಂಗೇರಿ_ಕಿಕ್
ಮೇಡಂ, ಬೇರಿಂಗಿಗೆ ದುಡ್ಡು ಹಾಕ್ಬೇಡಿ. ವಾಪಸ್ಸೂ ಕಳಿಸ್ಬೇಡಿ. ವೀಲ್ ಮೇಲೆ ಎರಡು ಅಂಕಿ ಬರೆದಿರುತ್ತೆ, ಅದನ್ನ ಓದಿ ಹೇಳಿ.

ಸವಿತಾ_ಹುಬ್ಬಳ್ಳಿ
52 ಅಂತ ಐತ್ರಿ. ಪಕ್ಕದಾಗ 100ಎ.

ಕೆಂಗೇರಿ_ಕಿಕ್
ಸಿಕ್ತು ನೋಡಿ. 52 ಅಂದ್ರೆ ವೀಲಿನ ಅಡ್ಡಳತೆ, ಮಿಲಿಮೀಟರಲ್ಲಿ. 100ಎ ಅಂದ್ರೆ ಎಷ್ಟು ಗಟ್ಟಿ ಅಂತ. ಒಂದು ಸ್ಪ್ರಿಂಗ್ ಸೂಜಿಯನ್ನ ವೀಲಿಗೆ ಒತ್ತಿ ಎಷ್ಟು ಒಳಗೆ ಹೋಗುತ್ತೆ ಅಂತ ನೋಡ್ತಾರೆ, ಶೋರ್ ಎ ಅಂತ ಆ ಅಳತೆ. ಸೂಜಿ ಒಳಗೆ ಹೋಗದೇ ಇದ್ರೆ 100. ಕಾರಿನ ಟೈರ್ ರಬ್ಬರ್ 60ರಿಂದ 70 ಬರುತ್ತೆ. ನಿಮ್ಮ ಹುಡುಗಿ ಕಾಲಡಿ ಇರೋದು ಹೆಚ್ಚೂಕಡಿಮೆ ಕಲ್ಲು.

ಅದು ಕೆಟ್ಟ ವೀಲ್ ಅಂತಲ್ಲ. ನಯವಾದ ಕಾಂಕ್ರೀಟ್ ಪಾರ್ಕಿಗೆ, ಟ್ರಿಕ್ ಮಾಡೋರಿಗೆ ಅಂತ ಮಾಡಿದ್ದು. 99ಎ, 100ಎ ವೀಲ್ ಜಾರುತ್ತೆ, ಬೇಗ ತಿರುಗಿಸಬಹುದು. ನಿಮ್ಮ ಓಣಿಗೆ ಬೇಕಾದ್ದು 78ಎ, ಅಡ್ಡಳತೆ 58 ಇಲ್ಲಾ 60. ನಾಲ್ಕು ವೀಲ್, ಅಷ್ಟೇ.

ರೋಲರ್_ರವಿ
ಒಪ್ಪಲ್ಲ ಗುರು. ನಾನು ಹೋದ ವರ್ಷ ಬೇರಿಂಗ್ ಮಾತ್ರ ಬದಲಿಸಿದ್ದು. ಬೋರ್ಡ್ ಹಾರಿಹೋಯ್ತು. ಒಂದು ತಳ್ಳಿಗೆ ಮುಂಚೆಗಿಂತ ಡಬಲ್ ದೂರ. ಬೇರಿಂಗಲ್ಲಿ ಏನೂ ಇಲ್ಲ ಅನ್ನೋದು ತಪ್ಪು.

ಪೀಣ್ಯ_ಟರ್ನರ್
ಇಪ್ಪತ್ತೆರಡು ವರ್ಷದಿಂದ ಲೇತ್ ಮುಂದೆ ನಿಂತಿದೀನಿ. ಸ್ಕೇಟ್‌ಬೋರ್ಡ್ ಹತ್ತಿಲ್ಲ, ಆದ್ರೆ ಬೇರಿಂಗ್ ಮಾತು ಬಂದ ಮೇಲೆ ಸುಮ್ನಿರಕ್ಕಾಗಲ್ಲ.

ಇದಕ್ಕೆ ಹಾಕೋದು 608. ತೂತು 8 ಮಿಮೀ, ಹೊರಸುತ್ತು 22, ದಪ್ಪ 7. 2017ರಲ್ಲಿ ಮಕ್ಕಳೆಲ್ಲ ಬೆರಳ ಮೇಲೆ ತಿರುಗಿಸ್ತಿದ್ರಲ್ಲ ಸ್ಪಿನ್ನರ್, ಅದರ ನಡುವೆ ಇದ್ದದ್ದೂ ಇದೇ. ಸಣ್ಣ ಮೋಟರುಗಳಲ್ಲಿ ದಿನಾ ನೋಡ್ತೀವಿ. ಎಬೆಕ್ ಅನ್ನೋದು ಅಮೆರಿಕದ ಬೇರಿಂಗ್ ಎಂಜಿನಿಯರುಗಳ ಸಮಿತಿ ಹಾಕಿದ ಅಳತೆ ದರ್ಜೆ: 1, 3, 5, 7, 9. ಅಂಕಿ ಏರಿದ ಹಾಗೆ ಟಾಲರೆನ್ಸ್, ಅಂದ್ರೆ ಅಳತೆಯಲ್ಲಿ ಬಿಡೋ ವ್ಯತ್ಯಾಸ, ಬಿಗಿ ಆಗುತ್ತೆ; ರನ್‌ಔಟ್, ಅಂದ್ರೆ ತಿರುಗುವಾಗಿನ ಓಲಾಟ, ಕಮ್ಮಿ ಆಗುತ್ತೆ. ಅಷ್ಟೇ ಅದು ಹೇಳೋದು. ಉಕ್ಕು ಎಂಥದ್ದು, ಗುಂಡು ಎಷ್ಟು ನಯ, ಒಳಗೆ ಗ್ರೀಸ್ ಯಾವುದು, ಮೇಲಿಂದ ಧಡಾರ್ ಅಂತ ಬಿದ್ರೆ ತಡೀತದಾ ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ.

ಲೆಕ್ಕ ಹಾಕಿ. 52 ಮಿಮೀ ವೀಲಿನ ಸುತ್ತಳತೆ 16 ಸೆಂಮೀ ಚಿಲ್ಲರೆ. ಗಂಟೆಗೆ 20 ಕಿಮೀ ಓಡಿದ್ರೆ, ಅದೂ ಮಕ್ಕಳಿಗೆ ಜಾಸ್ತಿನೇ, ನಿಮಿಷಕ್ಕೆ 2,000 ಸುತ್ತಿನ ಆಸುಪಾಸು. 608 ಬೇರಿಂಗ್ 20,000 ಸುತ್ತಿಗೂ ಮೇಲೆ ತಡೆಯೋ ಸಾಮಾನು. ಎಬೆಕ್ 9ರ ಆ ಮೈಕ್ರಾನ್ ಲೆಕ್ಕ ಗ್ರೈಂಡಿಂಗ್ ಸ್ಪಿಂಡಲ್‌ಗೆ ಬೇಕು, ಅಲ್ಲಿ ನಾವೂ ದುಡ್ಡು ಕೊಟ್ಟೇ ತಗೋತೀವಿ. ಓಣಿಯಲ್ಲಿ ಆಡೋ ಮಗುವಿಗೆ ಯಾಕೆ?

ರವಿಯವರೇ, ನಿಮ್ಮ ಬೋರ್ಡ್ ಹಾರಿದ್ದು ನಿಜ ಇರಬಹುದು. ಹಳೇ ಬೇರಿಂಗಲ್ಲಿ ಮಣ್ಣು ಕೂತಿತ್ತು, ಹೊಸದರಲ್ಲಿ ಇರಲಿಲ್ಲ. ಪೆಟ್ರೋಲ್‌ನಲ್ಲಿ ತೊಳೆದು ಎರಡು ಹನಿ ಎಣ್ಣೆ ಬಿಟ್ಟಿದ್ರೆ ಅವೇ ಓಡ್ತಿದ್ವು.

ರೋಲರ್_ರವಿ
ತೊಳೆದಿರಲಿಲ್ಲ, ನಿಜ. ಮಳೇಲಿ ಬೇರೆ ನೆನೆದಿತ್ತು.

ಪೀಣ್ಯ_ಟರ್ನರ್
ಹಾಗಾದ್ರೆ ತುಕ್ಕು. ಇನ್ನೊಂದು ಮಾತು ಸವಿತಮ್ಮ, ವೀಲ್ ಬಿಚ್ಚಿದಾಗ ಎರಡು ಬೇರಿಂಗ್ ನಡುವೆ 10 ಮಿಮೀ ಉದ್ದದ ಸಣ್ಣ ಕೊಳವೆ ಇದೆಯಾ ನೋಡಿ. ಸ್ಪೇಸರ್ ಅಂತಾರೆ. ಕಡಿಮೆ ಬೆಲೆಯ ಬೋರ್ಡಲ್ಲಿ ಅದನ್ನೇ ಉಳಿಸಿಬಿಡ್ತಾರೆ. ಅದಿಲ್ಲದೆ ನಟ್ ಬಿಗಿದ್ರೆ ಒಳಸುತ್ತು ಎರಡೂ ಕಡೆಯಿಂದ ಅಮುಕಿಕೊಂಡು ಗುಂಡುಗಳು ಓರೆಯಾಗಿ ಉಜ್ಜುತ್ತವೆ. ಅದಕ್ಕೆ ಎಬೆಕ್ ಎಷ್ಟಿದ್ರೂ ಮದ್ದಿಲ್ಲ. ನಮ್ಮಲ್ಲಿಗೆ ಬಂದ್ರೆ ಎಂಟು ನಿಮಿಷದಲ್ಲಿ ನಾಲ್ಕು ತಿರುವಿ ಕೊಡ್ತೀನಿ.

ಸ್ಯಾನ್‌ಡಿಯಾಗೊ_ರಾಘು
ಈ ತಾಯಿ ಬರೆದಿದ್ದನ್ನ ಓದಿ ಎದ್ದು ಕೂತೆ. "ಸಣ್ಣ ಕಲ್ಲು ಬಂದರೆ ಬೋರ್ಡ್ ನಿಲ್ಲುತ್ತೆ, ಹುಡುಗಿ ಮುಂದೆ ಹಾರಿ ಬೀಳ್ತಾಳೆ" ಅನ್ನೋ ಇದೇ ತೊಂದರೆ 1960ರ ದಶಕದಲ್ಲಿ ಈ ಆಟವನ್ನೇ ಕೊಂದಿತ್ತು! ನಾನಿರೋ ಊರಿನಿಂದ ಅರ್ಧ ಗಂಟೆ ದಾರಿ ಎನ್ಸಿನಿಟಾಸ್, ಹಾಗಾಗಿ ಈ ಕಥೆ ನನಗೆ ಹತ್ತಿರದ್ದು.

ಮೊದಲು ಹಲಗೆ ಕೆಳಗೆ ರೋಲರ್ ಸ್ಕೇಟಿನ ಕಬ್ಬಿಣದ ಗಾಲಿ ಹೊಡೀತಿದ್ರು. ಆಮೇಲೆ ಕ್ಲೇ ವೀಲ್ ಬಂತು, ಹೆಸರಿಗೆ ಜೇಡಿಮಣ್ಣು, ಒತ್ತಿ ಗಟ್ಟಿ ಮಾಡಿದ ಮಿಶ್ರಣ. ಹಿಡಿತ ಇಲ್ಲ, ಬೇಗ ಸವೆಯುತ್ತೆ, ಹರಳು ಸಿಕ್ಕಿದರೆ ಅಲ್ಲೇ ಲಾಕ್. ಕೈಕಾಲು ಮುರಿದುಕೊಂಡವರು ಎಷ್ಟೋ ಜನ. 1965ರ ಹೊತ್ತಿಗೆ ಅಮೆರಿಕದ ಎಷ್ಟೋ ಊರುಗಳಲ್ಲಿ ನಿಷೇಧ ಹಾಕಿದರು, ಕಂಪನಿಗಳು ಮುಚ್ಚಿದವು.

1970ರಲ್ಲಿ ಫ್ರ್ಯಾಂಕ್ ನಾಸ್ವರ್ದಿ ಅನ್ನೋ ಹುಡುಗ ವರ್ಜೀನಿಯಾದ ಪರ್ಸೆಲ್‌ವಿಲ್‌ನಲ್ಲಿ ಸ್ನೇಹಿತನ ತಂದೆಯ ಪ್ಲಾಸ್ಟಿಕ್ ಕಾರ್ಖಾನೆಗೆ ಹೋಗಿದ್ದ. ಅಲ್ಲಿ ಪಾಲಿಯುರಿಥೇನ್ ಗಾಲಿಗಳನ್ನ ಕಂಡ. ತಂದು ಬೋರ್ಡಿಗೆ ಹಾಕಿದ. ಸದ್ದಿಲ್ಲ, ನಡುಕ ಇಲ್ಲ, ಹರಳಿನ ಮೇಲೆ ಹತ್ತಿ ಇಳಿಯುತ್ತೆ. ಆಮೇಲೆ ಕ್ಯಾಲಿಫೋರ್ನಿಯಾದ ಇದೇ ಎನ್ಸಿನಿಟಾಸ್‌ಗೆ ಬಂದು ಕ್ಯಾಡಿಲಾಕ್ ವೀಲ್ಸ್ ಅಂತ ಮಾರೋಕೆ ಶುರು ಮಾಡಿದ. ಸತ್ತ ಆಟ ಎದ್ದು ನಿಂತಿತು. ಸ್ಕೇಟ್‌ಬೋರ್ಡಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಆವಿಷ್ಕಾರ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ.

ಕೆಂಗೇರಿ_ಕಿಕ್
ಒಂದು ತಿದ್ದುಪಡಿ ರಾಘು ಅವ್ರೇ. ನಾಸ್ವರ್ದಿ ಆ ಗಾಲಿಯನ್ನ ಕಂಡುಹಿಡಿದಿಲ್ಲ. ಆ ಕಾರ್ಖಾನೆಯವರು ಆಗಲೇ ರೋಲರ್ ಸ್ಕೇಟ್ ರಿಂಕುಗಳಿಗೆ ಮಾಡ್ತಿದ್ರು. ಮರದ ನೆಲದ ಮೇಲೆ ಕಲಿಯೋರಿಗೆ ಹಿಡಿತ ಸಿಗಲಿ ಅಂತ ಮಾಡಿದ್ದು. ಪಾಲಿಯುರಿಥೇನ್ ಅಂತೂ 1937ರದ್ದು, ಜರ್ಮನಿಯ ಒಟ್ಟೊ ಬೇಯರ್ ಮಾಡಿದ್ದು. ನಾಸ್ವರ್ದಿ ಮಾಡಿದ್ದು ಅಲ್ಲಿದ್ದನ್ನ ಇಲ್ಲಿಗೆ ತಂದಿದ್ದು.

ಸ್ಯಾನ್‌ಡಿಯಾಗೊ_ರಾಘು
ಒಪ್ಪಿದೆ. ಆದರೆ ರಿಂಕಿನ ಗಾಲಿ ಎಷ್ಟು ಜನ ನೋಡಿದ್ರು, ಡಾಂಬರು ರಸ್ತೆ ಯಾರಿಗೂ ಹೊಳೀಲಿಲ್ಲವಲ್ಲ. ನನಗೆ ಅದೇ ಆವಿಷ್ಕಾರ.

ಚಪ್ಪಲಿ_ಚಂದ್ರು
ಮೇಡಂ, ಹುಡುಗಿ ಮಗು. ಕೈಕಾಲು ಮುರ್ಕೊಂಡ್ರೆ ಕಷ್ಟ. ಶಟಲ್ ಆಡಿಸಿ, ಈ ಸಾಹಸ ಎಲ್ಲ ಯಾಕೆ?

ಅನುಷಾ_ಜೆಪಿನಗರ
ಚಂದ್ರು ಅವರೇ, ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳ ಸ್ಟ್ರೀಟ್ ವಿಭಾಗದ ಚಿನ್ನ ಗೆದ್ದ ಮೊಮಿಜಿ ನಿಶಿಯಾಗೆ ಆಗ 13 ವರ್ಷ. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಹಳ್ಳಿಯಲ್ಲಿ 2015ರಲ್ಲಿ ಉಲ್ರಿಕೆ ರೈನ್‌ಹಾರ್ಟ್ ಅನ್ನೋ ಜರ್ಮನ್ ಮಹಿಳೆ ಸ್ಕೇಟ್ ಪಾರ್ಕ್ ಕಟ್ಟಿಸಿದಾಗ ಹಳ್ಳಿ ಹೆಣ್ಣುಮಕ್ಕಳೇ ಬಂದು ಬೋರ್ಡ್ ಹತ್ತಿದರು. ಸವಿತಾ ಅವರ ಮಗಳು ಬಿದ್ದದ್ದು ಹುಡುಗಿ ಅಂತಲ್ಲ, ಗಾಲಿ ಗಟ್ಟಿ ಇದೆ ಅಂತ. ಮೇಡಂ, ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್, ಮಂಡಿ ಪ್ಯಾಡ್ ಮೂರೂ ತಗೊಳ್ಳಿ. ಎಬೆಕ್ 9ಕ್ಕೆ ಹೇಳಿದ ದುಡ್ಡು ಅದಕ್ಕೆ ಹೋಗಲಿ.

ಸವಿತಾ_ಹುಬ್ಬಳ್ಳಿ
ಹೆಲ್ಮೆಟ್ ಐತ್ರಿ, ಸೈಕಲ್ಲಿಂದು. ಮಣಿಕಟ್ಟಿಂದು ನನಗ ಗೊತ್ತಿರಲಿಲ್ಲ, ತರಸ್ತೀನಿ. ಚಂದ್ರು ಅಣ್ಣಾರ, ಶಟಲ್ಲೂ ಆಡ್ತಾಳ್ರಿ ಈಕಿ. ಇದನ್ನ ಬಿಡಂಗಿಲ್ಲ ಅಂತಾಳ.

ಚಪ್ಪಲಿ_ಚಂದ್ರು
ಸರಿ ತಂಗಿ, ನಾನು ಹೇಳಿದ್ದು ಕಾಳಜಿಯಿಂದ. ಆಡಲಿ, ಚೆನ್ನಾಗಿ ಆಡಲಿ.

ಫಿಸಿಕ್ಸ್_ಮೇಷ್ಟ್ರು
ಗಾಲಿ ದೊಡ್ಡದಾದರೆ ಸಾಕು ಅಂತ ಕೆಲವರು, ಮೆತ್ತಗಿರಬೇಕು ಅಂತ ಕೆಲವರು. ಲೆಕ್ಕ ಹಾಕಿ ನೋಡೋಣ. ನಿಂತ ಗಟ್ಟಿ ಗಾಲಿಯ ಮುಂದೆ 5 ಮಿಮೀ ಎತ್ತರದ ಹರಳು ಇದೆ. ಅದನ್ನು ಹತ್ತಿಸೋಕೆ ಅಡ್ಡಕ್ಕೆ ಎಷ್ಟು ತಳ್ಳಬೇಕು? 52 ಮಿಮೀ ಗಾಲಿಗೆ ಅದರ ಮೇಲಿರುವ ಭಾರದ 73 ಶೇಕಡ. 65 ಮಿಮೀ ಗಾಲಿಗೆ 63 ಶೇಕಡ. ಅಂದರೆ ಗಾಲಿಯನ್ನು ಕಾಲುಭಾಗ ದೊಡ್ಡದು ಮಾಡಿದರೂ ಉಳಿಯೋದು ಅಷ್ಟೇ.

ಈಗ ಅದೇ 65ರ ಗಾಲಿ ಮೆತ್ತಗಿದ್ದು, ಹರಳು 3 ಮಿಮೀ ಅದರೊಳಗೆ ಹುದುಗಿಕೊಂಡಿತು ಅನ್ನಿ. ಗಾಲಿಯ ಪಾಲಿಗೆ ಹರಳಿನ ಎತ್ತರ 2 ಮಿಮೀ ಮಾತ್ರ. ತಳ್ಳಬೇಕಾದ ಬಲ 37 ಶೇಕಡಕ್ಕೆ ಇಳಿಯಿತು. ಎತ್ತರ ಕಳೆದುಕೊಳ್ಳೋದು ಗಾತ್ರ ಹೆಚ್ಚೋದಕ್ಕಿಂತ ಎಷ್ಟೋ ಲಾಭ. ಓಡುವಾಗ ವೇಗವೂ ಸೇರುತ್ತೆ, ಲೆಕ್ಕ ಬೇರೆಯಾಗುತ್ತೆ, ಆದರೆ ದಿಕ್ಕು ಇದೇ. ನಾಳೆ ಹತ್ತನೇ ಕ್ಲಾಸಿಗೆ ಇದನ್ನೇ ಬೋರ್ಡ್ ಮೇಲೆ ಬರೀತೀನಿ.

ರೋಲರ್_ರವಿ
ಮೇಷ್ಟ್ರೇ, ಮೆತ್ತಗಿದ್ರೆ ಓಡೋಕೆ ಜಿಗುಟು ಆಗಲ್ವಾ? ಗಾಳಿ ಕಮ್ಮಿ ಇರೋ ಸೈಕಲ್ ಥರ?

ಫಿಸಿಕ್ಸ್_ಮೇಷ್ಟ್ರು
ನಯವಾದ ನೆಲದ ಮೇಲೆ ಆಗುತ್ತೆ. ಅಮುಕಿದ ರಬ್ಬರು ತಿರುಗಿ ಎದ್ದು ಬರುವಾಗ ಕೊಟ್ಟಿದ್ದನ್ನೆಲ್ಲ ವಾಪಸ್ ಕೊಡಲ್ಲ, ಸ್ವಲ್ಪ ಶಾಖವಾಗಿ ಹೋಗುತ್ತೆ. ಒಳ್ಳೇ ಯುರಿಥೇನ್ ಹೆಚ್ಚು ವಾಪಸ್ ಕೊಡುತ್ತೆ, ಪುಟಿಯುತ್ತೆ. ಅಲ್ಲೇ ಬೆಲೆ ವ್ಯತ್ಯಾಸ. ಒರಟು ರಸ್ತೆಯಲ್ಲಿ ಮಾತ್ರ ಗಟ್ಟಿ ಗಾಲಿ ಪ್ರತಿ ಉಬ್ಬಿಗೂ ಇಡೀ ಮನುಷ್ಯನನ್ನ ಎತ್ತಿ ಇಳಿಸುತ್ತೆ, ಆ ನಷ್ಟ ಇನ್ನೂ ದೊಡ್ಡದು. ಆ ಮಗುವಿನ ಪಾದ ಜುಮ್ಮೆನ್ನೋದು ಅದರಿಂದಲೇ.

ಓಲಿ_ಓಂಕಾರ್
ಎಲ್ಲರೂ ಗಾಲಿ ಗಾಲಿ ಅಂತಿದ್ದೀರ. ನನ್ನ ಪ್ರಕಾರ ದೊಡ್ಡ ಆವಿಷ್ಕಾರ ಕಿಕ್‌ಟೇಲ್, ಹಿಂದುಗಡೆ ಮೇಲಕ್ಕೆ ಬಾಗಿರುತ್ತಲ್ಲ ಅದು. 1969ರಲ್ಲಿ ಲ್ಯಾರಿ ಸ್ಟೀವನ್ಸನ್ ತಂದಿದ್ದು. ಅದಕ್ಕೆ ಮುಂಚೆ ಬೋರ್ಡ್ ಅಂದ್ರೆ ಮಣೆ. ಬಾಲ ಬಂದ ಮೇಲೆ ಅದು ಸನ್ನೆಗೋಲು. ಆ ಬಾಲ ಇಲ್ಲದೆ ಓಲಿ ಇಲ್ಲ! 70ರ ದಶಕದ ಕೊನೆಗೆ ಫ್ಲೋರಿಡಾದ ಅಲನ್ ಗೆಲ್ಫಾಂಡ್ ಬೌಲ್ (ಬಟ್ಟಲಿನಂಥ ಕಾಂಕ್ರೀಟ್ ಗುಂಡಿ) ಒಳಗೆ ಕೈ ಹಚ್ಚದೆ ಬೋರ್ಡನ್ನ ಕಾಲಿಗಂಟಿಸಿಕೊಂಡು ಹಾರಿದ. ಕೆಲವೇ ವರ್ಷಕ್ಕೆ ರಾಡ್ನಿ ಮಲ್ಲೆನ್ ಅದನ್ನ ಸಮತಟ್ಟು ನೆಲದ ಮೇಲೆ ತಂದ. ಇವತ್ತಿನ ಸ್ಟ್ರೀಟ್ ಸ್ಕೇಟಿಂಗ್ ಅಷ್ಟೂ ಅಲ್ಲಿಂದ.

ನನಗೆ ಓಲಿ ಬರೋಕೆ ಐದು ತಿಂಗಳು ಹಿಡಿದಿತ್ತು. ಹಿಂಗಾಲಲ್ಲಿ ಬಾಲ ನೆಲಕ್ಕೆ ಟಪ್ ಅಂತ ಹೊಡೆದು, ಅದೇ ಕ್ಷಣ ಮುಂಗಾಲಿನ ಪಕ್ಕ ಗ್ರಿಪ್ ಟೇಪ್ ಮೇಲೆ ಉಜ್ಜುತ್ತಾ ಎಳೀಬೇಕು. ನನ್ನ ಎಡಗಾಲಿನ ಶೂ ಕಿರುಬೆರಳ ಹತ್ತಿರ ತೂತಾಗಿ ಸಾಕ್ಸ್ ಕಾಣೋದು. ಮೊದಲನೇ ಸಲ ನಾಲ್ಕೂ ಗಾಲಿ ನೆಲ ಬಿಟ್ಟಾಗ ಎರಡು ಇಂಚೂ ಇರಲಿಲ್ಲ, ಆದ್ರೆ ಆ ದಿನ ರಾತ್ರಿ ನಿದ್ದೆ ಬರಲಿಲ್ಲ.

ಸ್ಯಾನ್‌ಡಿಯಾಗೊ_ರಾಘು
ಬಾಲ 1969ರಲ್ಲೇ ಬಂತು ಅಂತ ನೀವೇ ಹೇಳಿದ್ರಿ. ಆದರೂ ಆಟ ಎದ್ದದ್ದು ಗಾಲಿ ಬಂದ ಮೇಲೆ. ಇದಕ್ಕೆ ಏನಂತೀರಿ?

ಓಲಿ_ಓಂಕಾರ್
ಎದ್ದದ್ದು ಗಾಲಿಯಿಂದ, ಉಳಿದದ್ದು ಬಾಲದಿಂದ. ಇನ್ನೊಂದು ಕೇಳಿ, 90ರ ದಶಕದ ಆರಂಭದಲ್ಲಿ ಟ್ರಿಕ್ ಹುಚ್ಚಿಗೆ ವೀಲ್ 40 ಮಿಮೀಗೆ ಇಳಿದಿತ್ತು. ರಸ್ತೇಲಿ ಓಡ್ತಾನೇ ಇರಲಿಲ್ಲ, ಆದ್ರೂ ಜನ ಅದನ್ನೇ ಹಾಕ್ತಿದ್ರು, ಯಾಕಂದ್ರೆ ಬೋರ್ಡ್ ಹಗುರಾಗಿ ತಿರುಗ್ತಿತ್ತು. ಅದೇ ಹೊತ್ತಿಗೆ ಮುಂದುಗಡೆಯೂ ಬಾಲದಷ್ಟೇ ಎದ್ದು, ಎರಡು ಕಡೆಯೂ ಒಂದೇ ಥರ ಐಸ್‌ಕ್ಯಾಂಡಿ ಕಡ್ಡಿ ಆಕಾರ ಬಂತು. ಅಲ್ಲಿಂದ ಇಲ್ಲಿವರೆಗೂ ಅದೇ ಆಕಾರ.

ಮೆಕ್_ದಾವಣಗೆರೆ
ಯಾರೂ ಮರದ ಬಗ್ಗೆ ಮಾತಾಡ್ತಿಲ್ಲವಲ್ಲ. ನಾನು ಕೊನೇ ವರ್ಷದ ಪ್ರಾಜೆಕ್ಟಿಗೆ ಡೆಕ್, ಅಂದ್ರೆ ನಿಲ್ಲೋ ಹಲಗೆ, ನಾನೇ ಮಾಡಿದೆ. ಬಡಗಿ ಹತ್ರ 12 ಮಿಮೀ ಮರೀನ್ ಪ್ಲೈ ತಗೊಂಡು ಜಿಗ್‌ಸಾದಲ್ಲಿ ಕೊಯ್ದು, ಬಾಲಕ್ಕೆ ಕುದಿಯೋ ನೀರಿನ ಗೋಣಿತಾಟು ಸುತ್ತಿ ಬಗ್ಗಿಸಿದೆ. ನೋಡೋಕೆ ಥೇಟ್ ಅಂಗಡೀದು. ಒಂಬತ್ತನೇ ದಿನ ಟ್ರಕ್ (ಗಾಲಿಗಳನ್ನ ಹಲಗೆಗೆ ಜೋಡಿಸೋ ಲೋಹದ ಭಾಗ) ಬೋಲ್ಟಿನ ಸಾಲಲ್ಲೇ ಮುರೀತು. ಮರೀನ್ ಪ್ಲೈ ಅಂದ್ರೆ ಗಟ್ಟಿಗಿಂತ ಗಟ್ಟಿ ಅಂತಾರೆ, ಮತ್ತೆ ಯಾಕೆ ಹೀಗಾಯ್ತು ಅಂತ ಇವತ್ತಿಗೂ ತಿಳಿದಿಲ್ಲ.

ಪ್ಲೈವುಡ್_ಶೆಟ್ರು
ಮಾರಾಯ್ರೆ, ಈ ಪ್ರಶ್ನೆಗೇ ಕಾಯ್ತಾ ಇದ್ದೆ. ನಮ್ಮದು ಉಡುಪಿ ಹತ್ತಿರ ಪ್ಲೈವುಡ್ ವ್ಯಾಪಾರ, ಅಪ್ಪನ ಕಾಲದಿಂದ.

ಮರೀನ್ ಪ್ಲೈ, ಅಂದರೆ ಐಎಸ್ 710, ಅದು ನೀರಿಗೆ ಬಿಡದ ಹಾಗೆ ಮಾಡಿದ್ದು. ಅದರ ಗೋಂದು ಫಿನಾಲಿಕ್, ಕುದಿಸಿದರೂ ಬಿಡುವುದಿಲ್ಲ. ಆದರೆ ಪದರಗಳು ಹೇಗೆ ಉಂಟು ನೋಡಿ: ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ, ಮತ್ತೆ ಉದ್ದಕ್ಕೆ, ಮತ್ತೆ ಅಡ್ಡಕ್ಕೆ. ಕಪಾಟಿಗೆ, ಬಾಗಿಲಿಗೆ ಅದು ಸರಿ, ಎರಡು ದಿಕ್ಕಿಗೂ ಸಮ ಬಲ ಬೇಕು. ಸ್ಕೇಟ್‌ಬೋರ್ಡು ಹಾಗಲ್ಲ. ಅದು ಎರಡು ಕಂಬದ ಮೇಲೆ ಇಟ್ಟ ತೊಲೆ ಇದ್ದ ಹಾಗೆ, ಉದ್ದಕ್ಕೇ ಬಾಗುವುದು. ಅಡ್ಡ ಪದರ ಆ ಬಾಗುವಿಕೆಗೆ ಏನೂ ಸಹಾಯ ಮಾಡುವುದಿಲ್ಲ. ನಿಮ್ಮ 12 ಮಿಮೀಯಲ್ಲಿ ಹತ್ತಿರ ಹತ್ತಿರ ಅರ್ಧ ಮರ ಸುಮ್ಮನೆ ಕೂತಿತ್ತು.

ನನ್ನ ಅಣ್ಣನ ಮಗ ಬೆಂಗಳೂರಿನಿಂದ ಮುರಿದ ಡೆಕ್ ಒಂದು ತಂದಿದ್ದ. ಕುತೂಹಲಕ್ಕೆ ಉಳಿ ಹಾಕಿ ಪದರ ಪದರ ಎಬ್ಬಿಸಿದೆ. ಒಟ್ಟು ಏಳು ಪದರ, ಒಂದೊಂದು ಒಂದೂವರೆ ಮಿಮೀ ಚಿಲ್ಲರೆ, ಒಟ್ಟು 11 ಮಿಮೀ. ಮೂರನೆಯದು ಮತ್ತು ಐದನೆಯದು ಮಾತ್ರ ಅಡ್ಡ. ಉಳಿದ ಐದೂ ಉದ್ದಕ್ಕೆ. ಆ ಎರಡು ಇಲ್ಲದಿದ್ದರೆ ಉದ್ದಕ್ಕೆ ಸೌದೆ ಸೀಳಿದ ಹಾಗೆ ಸೀಳಿ ಹೋಗ್ತದೆ, ಅದಕ್ಕೆ ಅಷ್ಟೇ ಅಡ್ಡ ಕೊಟ್ಟಿದ್ದಾರೆ, ಹೆಚ್ಚಿಗೆ ಕೊಟ್ಟಿಲ್ಲ. ನಾನು ಎಷ್ಟು ಪ್ಲೈ ನೋಡಿದ್ದೇನೆ, ಇಷ್ಟು ಅಳೆದು ಹಾಕಿದ್ದು ನೋಡಿರಲಿಲ್ಲ.

ಮತ್ತೆ ಬಗ್ಗಿಸಿದ್ದು. ಒತ್ತಿ ಆದ ಹಲಗೆಯನ್ನು ಬಿಸಿ ನೀರಿನಲ್ಲಿ ಬಗ್ಗಿಸಬಾರದು. ಅವರು ಹಸಿ ಗೋಂದಿನ ಪದರಗಳನ್ನೇ ಅಚ್ಚಿನಲ್ಲಿಟ್ಟು ಪ್ರೆಸ್ ಮಾಡ್ತಾರೆ, ಬಾಲ, ಮೂಗು, ನಡುವಿನ ತಗ್ಗು ಎಲ್ಲ ಒಟ್ಟಿಗೇ ಬರ್ತದೆ. ಆ ತಗ್ಗು ಚಂದಕ್ಕೆ ಅಲ್ಲ. ತಗಡನ್ನು ಸ್ವಲ್ಪ ಮಡಿಚಿದರೆ ಬಾಗದೆ ನಿಲ್ತದಲ್ಲ, ಅದೇ.

ಮೆಕ್_ದಾವಣಗೆರೆ
ಶೆಟ್ರೇ, ಮುರಿದ ತುಂಡು ಈಗಲೂ ಇಟ್ಕೊಂಡಿದ್ದೀನಿ. ಈಗಷ್ಟೇ ಎದ್ದು ಹೋಗಿ ನೋಡಿದೆ. ಬಿಸ್ಕತ್ ಮುರಿದ ಹಾಗೆ ನೇರ ಗೆರೆ, ಪದರ ಬಿಟ್ಟು ಪದರ ಅಡ್ಡ. ನಮ್ಮ ಹಾಸ್ಟೆಲ್ ಹುಡುಗನ ಮೇಪಲ್ ಡೆಕ್ ಮುರಿದಾಗ ಉದ್ದುದ್ದ ಸಿಬರು ಎದ್ದಿತ್ತು. ಪ್ರಾಜೆಕ್ಟ್ ರಿಪೋರ್ಟಲ್ಲಿ "ಮರದ ದೋಷ" ಅಂತ ಬರೆದಿದ್ದೆ. ತಪ್ಪು ಬರೆದಿದ್ದೀನಿ.

ಮಡಿಕೇರಿ_ಮಂಜು
ನಮ್ಮ ತೋಟದ ತುಂಬ ಸಿಲ್ವರ್ ಓಕ್. ಪ್ಲೈವುಡ್‌ನೋರು ಬಂದು ಕೊಂಡು ಹೋಗ್ತಾರೆ. ಅದರಲ್ಲಿ ಡೆಕ್ ಆಗಲ್ವಾ ಶೆಟ್ರೇ?

ಪ್ಲೈವುಡ್_ಶೆಟ್ರು
ಆಗ್ತದೆ, ಆದರೆ ಅದು ಮೆದು. ಹಾರ್ಡ್ ಮೇಪಲ್ ಕೆನಡಾ ಕಡೆಯ ಚಳಿಯಲ್ಲಿ ನಿಧಾನ ಬೆಳೆದದ್ದು, ಉಂಗುರ ಹತ್ತಿರ ಹತ್ತಿರ, ಘನಮೀಟರಿಗೆ 700 ಕಿಲೋ ಆಸುಪಾಸು ತೂಕ. ಬಾಲ ದಿನಕ್ಕೆ ನೂರು ಸಲ ಕಾಂಕ್ರೀಟಿಗೆ ಬಡಿಯುವಾಗ ಆ ಗಟ್ಟಿತನ ಬೇಕು. 70ರ ದಶಕದ ಮಧ್ಯದಲ್ಲಿ ವಿಲ್ಲಿ ವಿಂಕಲ್ಸ್ ಎಂಬವರು ಕೆನಡಾದಲ್ಲಿ ಮೇಪಲ್ ಪದರ ಒತ್ತಿ ಡೆಕ್ ಮಾಡಿದ ಮೇಲೆ ಜನ ಅದನ್ನೇ ಹಿಡಿದದ್ದು ಸುಮ್ಮನೆ ಅಲ್ಲ. ನಮ್ಮಲ್ಲಿ ಮಾಡುವುದಾದರೆ ಬಿದಿರು ನೋಡಿ. ಹೊರಗಿನ ದೇಶದಲ್ಲಿ ಉದ್ದದ ಬೋರ್ಡುಗಳಿಗೆ ಬಿದಿರು ಹಾಕ್ತಾರೆ, ಒಳ್ಳೇ ಪುಟಿತ ಉಂಟು.

ಪೀಣ್ಯ_ಟರ್ನರ್
ಡೆಕ್ ಮಾಡೋ ಪ್ರೆಸ್ಸಿಗೆ ಅಚ್ಚು ಬೇಕಿದ್ರೆ ಹೇಳಿ ಶೆಟ್ರೇ. ಅಲ್ಯೂಮಿನಿಯಂ ಎರಡು ತುಂಡು, ಸಿಎನ್‌ಸಿಯಲ್ಲಿ ಕೆತ್ತಿಸಬಹುದು. ನಾನು ನಿಜವಾಗ್ಲೂ ಹೇಳ್ತಿದೀನಿ.

ಪ್ಲೈವುಡ್_ಶೆಟ್ರು
ಮೆಸೇಜ್ ಮಾಡಿದ್ದೇನೆ, ನೋಡಿ.

ಎಲೆಕ್ಟ್ರಿಕ್_ಎಲ್ಲಪ್ಪ
ಇದನ್ನೆಲ್ಲ ಬಿಟ್ಟು ಮೋಟರ್ ಬೋರ್ಡ್ ತಗೊಳ್ಳಿ ಅಂತೀನಿ. ವೀಲಿನೊಳಗೇ ಮೋಟರ್, ಲಿಥಿಯಂ ಬ್ಯಾಟರಿ, ಕೈಯಲ್ಲಿ ರಿಮೋಟ್. ಇನ್ನು ಮುಂದೆ ಅದೇ.

ಅನುಷಾ_ಜೆಪಿನಗರ
ಹನ್ನೊಂದು ವರ್ಷದ ಮಗುವಿಗಾ? ಬೇಡ. ತಳ್ಳೋದು ಕಲಿಯದೆ ವೇಗ ಸಿಕ್ಕಿದರೆ ಬೀಳೋದು ಜೋರಾಗೇ ಬೀಳ್ತಾರೆ. ವೀಲಿನೊಳಗೆ ಮೋಟರ್ ಇದ್ದರೆ ಅದರ ಸುತ್ತ ಯುರಿಥೇನ್ ಪದರ ತೆಳ್ಳಗಾಗುತ್ತೆ, ಮತ್ತೆ ಅದೇ ನಡುಕ.

ಎಲೆಕ್ಟ್ರಿಕ್_ಎಲ್ಲಪ್ಪ
ನಡುಕದ ಮಾತು ನಿಜ. ಅದಕ್ಕೇ ನಾನು ಬೆಲ್ಟ್ ಇರೋದಕ್ಕೆ ಹೋದೆ. ಮಗುವಿಗೆ ಬೇಡ, ಒಪ್ಪಿದೆ.

ಅನುಷಾ_ಜೆಪಿನಗರ
ಸವಿತಾ, ಒಂದು ಮಾತು ಯಾರೂ ಹೇಳಲಿಲ್ಲ. ನಿಮ್ಮ ಮಗಳ ತೂಕ ಎಷ್ಟು? ಬೋರ್ಡ್ ಮೇಲೆ ನಿಂತು ಒಂದು ಕಡೆ ವಾಲಿದರೆ ತಿರುಗುತ್ತಾ?

ಸವಿತಾ_ಹುಬ್ಬಳ್ಳಿ
31 ಕಿಲೋ ಅದಾಳ್ರಿ. ವಾಲಿದ್ರ ಅಲ್ಲಾಡೂದಿಲ್ಲ. ಎತ್ತಿ ತಿರುಗಿಸಿಡ್ತಾಳ.

ಅನುಷಾ_ಜೆಪಿನಗರ
ಅಂದುಕೊಂಡೆ. ಟ್ರಕ್ ಮಧ್ಯೆ ದಪ್ಪ ಬೋಲ್ಟ್ ಇದೆಯಲ್ಲ, ಕಿಂಗ್‌ಪಿನ್, ಅದಕ್ಕೆ ಪೋಣಿಸಿರೋ ಎರಡು ರಬ್ಬರಿನಂಥ ಬುಷ್ ನೋಡಿ. ಅವೂ ಯುರಿಥೇನೇ. ವಾಲಿದಾಗ ಬುಷ್ ಅಮುಕಿ, ಆಕ್ಸಲ್ ಓರೆಯಾಗಿ ತಿರುಗುತ್ತೆ, ಅದೇ ಈ ಬೋರ್ಡಿನ ಸ್ಟೀರಿಂಗ್. ಕಾರ್ಖಾನೆಯವರು 70 ಕಿಲೋ ಗಂಡಸಿಗೆ ಸರಿಹೋಗೋ ಗಟ್ಟಿ ಬುಷ್ ಹಾಕಿ ಕಳಿಸ್ತಾರೆ. 31 ಕಿಲೋ ಮಗು ಎಷ್ಟು ವಾಲಿದರೂ ಅದು ಅಮುಕಲ್ಲ. ಸದ್ಯಕ್ಕೆ ಕಿಂಗ್‌ಪಿನ್ ನಟ್ ಸ್ವಲ್ಪ ಸಡಿಲಿಸಿ, ನಟ್ಟಿನ ತುದಿಯಲ್ಲಿ ಬೋಲ್ಟ್ ಎಳೆ ಕಾಣ್ತಾ ಇರಬೇಕು, ಅದಕ್ಕಿಂತ ಕೆಳಗೆ ಇಳಿಸಬೇಡಿ. ಸಾಲದಿದ್ದರೆ 78ಎ ಬುಷ್ ಒಂದು ಜೊತೆ.

ನಾನು ಸರ್ಜಾಪುರ ರಸ್ತೆಯ ಪ್ಲೇ ಅರೀನಾದಲ್ಲಿ, ಹೋಲಿಸ್ಟೋಕ್ಡ್ ಅನ್ನೋ ಸ್ಕೇಟಿಂಗ್ ಗುಂಪಿನ ಹುಡುಗರು 2013ರಲ್ಲಿ ಕಟ್ಟಿದ ಪಾರ್ಕಿನಲ್ಲಿ ಕಲಿತವಳು. ಅಲ್ಲಿ ಮಕ್ಕಳು ಬೋರ್ಡ್ ಬಿಟ್ಟು ಹೋಗೋದನ್ನ ನೋಡಿದ್ದೀನಿ. "ನನಗೆ ಬರಲ್ಲ" ಅಂತ ಅಳ್ತಾ ಹೋಗ್ತಾರೆ. ಬುಷ್ ಬದಲಿಸಿದರೆ ಅದೇ ಮಗು ಅದೇ ಸಂಜೆ ತಿರುಗುತ್ತೆ. ಇದನ್ನ ಯಾವ ಅಂಗಡಿಯವರೂ ಹೇಳಿದ್ದು ನಾನು ಕೇಳಿಲ್ಲ, ನನಗೆ ಸಿಟ್ಟು ಬರೋದು ಅಲ್ಲೇ.

ಫಿಸಿಕ್ಸ್_ಮೇಷ್ಟ್ರು
ಅನುಷಾ ಹೇಳಿದ್ದಕ್ಕೆ ಸೇರಿಸ್ತೀನಿ. ಕ್ಯಾಲಿಫೋರ್ನಿಯಾದ ಮಾಂಟ್ ಹಬರ್ಡ್ 1979ರಲ್ಲೇ ಸ್ಕೇಟ್‌ಬೋರ್ಡಿನ ಸ್ಥಿರತೆಗೆ ಗಣಿತ ಬರೆದಿದ್ದಾರೆ. ವಾಲಿದ ಕಡೆಗೇ ತಿರುಗೋದರಿಂದ, ಒಂದು ವೇಗ ದಾಟಿದ ಮೇಲೆ ಬೋರ್ಡ್ ತಾನೇ ಸವಾರನನ್ನ ನೆಟ್ಟಗೆ ಇರಿಸುತ್ತೆ, ಸೈಕಲ್ ಹಾಗೆ. ತಿರುಗದ ಟ್ರಕ್ ಇದ್ದರೆ ಆ ಸಹಾಯವೇ ಸಿಗಲ್ಲ.

ಕೆಂಗೇರಿ_ಕಿಕ್
ಮೇಡಂ, ವೀಲ್ 60 ತಗೊಂಡ್ರೆ ಜೊತೆಗೆ 3 ಮಿಮೀ ರೈಸರ್ ಪ್ಯಾಡ್ ತಗೊಳ್ಳಿ, ಟ್ರಕ್ ಮತ್ತು ಡೆಕ್ ನಡುವೆ ಇಡೋದು. ಬುಷ್ ಮೆತ್ತಗೆ ಮಾಡಿ ವೀಲ್ ದೊಡ್ಡದು ಮಾಡಿದ್ರೆ, ವಾಲಿದಾಗ ವೀಲ್ ಡೆಕ್ಕಿಗೆ ತಾಗಿ ಬ್ರೇಕ್ ಹಿಡಿದ ಹಾಗೆ ನಿಲ್ಲುತ್ತೆ. ವೀಲ್‌ಬೈಟ್ ಅಂತಾರೆ. ಅದು ಆ ಕಡಿಗಿಂತ ಅಪಾಯ. ಈಗಿರೋದಕ್ಕಿಂತ ಕಾಲು ಇಂಚು ಹೆಚ್ಚು ಉದ್ದದ ಬೋಲ್ಟೂ ಬೇಕಾಗುತ್ತೆ. ಎಲ್ಲ ಜೋಡಿಸಿದ ಮೇಲೆ ನೀವೇ ಒಂದು ಅಂಚಿನ ಮೇಲೆ ಪೂರ್ತಿ ಭಾರ ಹಾಕಿ ನೋಡಿ. ಆಗಲೂ ತಾಗಿದ್ರೆ 6 ಮಿಮೀ ಪ್ಯಾಡ್ ಹಾಕಿ.

ಓಲಿ_ಓಂಕಾರ್
ಆದ್ರೆ 60ರ 78ಎಯಲ್ಲಿ ಟ್ರಿಕ್ ಕಲಿಯೋಕೆ ಕಷ್ಟ. ಭಾರ, ಜಾರಲ್ಲ.

ಸ್ಯಾನ್‌ಡಿಯಾಗೊ_ರಾಘು
ಅದಕ್ಕೂ ಈಗ ದಾರಿ ಬಂದಿದೆ. ಪವೆಲ್ ಪೆರಾಲ್ಟಾ ಕಂಪನಿಯವರ ಡ್ರ್ಯಾಗನ್ ಫಾರ್ಮುಲಾ ಅಂತ 93ಎ ವೀಲ್. ಮಾಮೂಲಾಗಿ ಆ ಮೃದುತ್ವಕ್ಕೆ ವೀಲ್ ನೆಲ ಕಚ್ಚಿಕೊಳ್ಳುತ್ತೆ, ಇದು ಕಚ್ಚಲ್ಲ. ಒರಟು ರಸ್ತೆಯಲ್ಲಿ ಮೆತ್ತಗೆ ಓಡುತ್ತೆ, ಅಡ್ಡ ತಿರುಗಿಸಿದ್ರೆ ಗಟ್ಟಿ ವೀಲಿನ ಹಾಗೆ ಜಾರುತ್ತೆ. ಅವರದ್ದೇ ಫ್ಲೈಟ್ ಡೆಕ್ ಇದೆ, ಮರದ ಜೊತೆ ಫೈಬರ್ ಪದರ, ಎಪಾಕ್ಸಿ ಗೋಂದು, ಮಾಮೂಲಿ ಡೆಕ್ಕಿಗಿಂತ ತೆಳು, ಆದರೂ ಮುರಿಯೋದು ಕಷ್ಟ. ಆ ಕಂಪನಿ ಕಟ್ಟಿದ ಜಾರ್ಜ್ ಪವೆಲ್ ವೈಮಾನಿಕ ಉದ್ಯಮದಲ್ಲಿದ್ದ ಎಂಜಿನಿಯರ್. ಆ ಡೆಕ್ಕಿಗೆ ಬೆಲೆ ಜಾಸ್ತಿ. ಎರಡು ಡೆಕ್ ಮುರಿಯೋ ಕಾಲದಲ್ಲಿ ಅದೊಂದು ಉಳಿದರೆ ಲೆಕ್ಕ ಸರಿ ಅಂತ ತಗೊಂಡೆ, ಈಗ ಹದಿನಾಲ್ಕು ತಿಂಗಳಾಯ್ತು.

ಓಲಿ_ಓಂಕಾರ್
ಹದಿನಾಲ್ಕು ತಿಂಗಳು? ನನಗೆ ಒಂದು ಡೆಕ್ ಎರಡು ತಿಂಗಳು ಬಂದ್ರೆ ಹೆಚ್ಚು. ಆ ವೀಲ್ ಭಾರತದಲ್ಲಿ ಸಿಗುತ್ತಾ?

ಸ್ಯಾನ್‌ಡಿಯಾಗೊ_ರಾಘು
ಡಿಸೆಂಬರಲ್ಲಿ ಮೈಸೂರಿಗೆ ಬರ್ತೀನಿ. ಸೈಜ್ ಹೇಳಿ, ತರ್ತೀನಿ.

ಸವಿತಾ_ಹುಬ್ಬಳ್ಳಿ
ಎಲ್ಲಾರಿಗೂ ಮತ್ತ ನಮಸ್ಕಾರ್ರಿ. ಹನ್ನೆರಡು ದಿನ ಆತು ಬರದು. 60ರ 78ಎ ವೀಲ್ ತರಿಸಿದ್ವಿ, ರೈಸರ್, ಉದ್ದ ಬೋಲ್ಟ್ ಜೊತಿಗೆ. ಬಿಚ್ಚಿ ನೋಡಿದ್ರ ಪೀಣ್ಯದಣ್ಣ ಹೇಳಿದಂಗ ಸ್ಪೇಸರ್ ಇರಲೇ ಇಲ್ಲ. ಇಲ್ಲೇ ಗೋಕುಲ ರೋಡಿನ ಒಬ್ರು ಟರ್ನರ್ ಕಡೆ ಮಾಡಿಸಿದ್ವಿ, ನಾಲ್ಕಕ್ಕ 120 ರೂಪಾಯಿ ತಗೊಂಡ್ರು. ಬೇರಿಂಗ್ ಹಳೇವ, ತೊಳದು ಎಣ್ಣಿ ಬಿಟ್ಟು ಹಾಕಿದ್ವಿ. ಕಿಂಗ್‌ಪಿನ್ ನಟ್ ಒಂದೂವರಿ ಸುತ್ತು ಸಡಿಲ ಮಾಡೀನಿ, ಎಳಿ ಕಾಣ್ತಾವ. ಅಂಚಿನ ಮ್ಯಾಲ ನಾನ ನಿಂತು ನೋಡಿದೆ, ವೀಲ್ ತಾಗಲಿಲ್ಲ.

ನಿನ್ನೆ ಸಂಜಿ ಓಣಿಗೆ ಇಳಿಸಿದ್ಲು. ಅವತ್ತು ಬಿದ್ದ ಜಾಗದಾಗನ ನಾ ಒಂದು ಕಡಿ ಇಟ್ಟೆ, ನಿಧಾನ ಬಾ ಅಂದೆ, ಕೈ ಹಿಡಿಯಾಕ ಬಾಜೂಕ ನಿಂತೆ. ಟಕ್ ಅಂತ ಒಂದು ಸಣ್ಣ ಸಪ್ಪಳ ಬಂತು, ದಾಟಿ ಹೋದ್ಲು. ಆಮ್ಯಾಲ ಆಕೀನ ಹೋಗಿ ಇನ್ನೂ ನಾಲ್ಕು ಕಡಿ ಹುಡಿಕ್ಕೊಂಡು ಬಂದು ಸಾಲಾಗಿ ಇಟ್ಲು. ಓಣಿ ಹುಡುಗ್ರೆಲ್ಲಾ ನೋಡಾಕ ನಿಂತಿದ್ರು. ಕತ್ತಲಾಗೂತನಕ ಒಳಗ ಬರಲಿಲ್ಲ. ನಮ್ಮ ಮನಿಯವ್ರು ಕಟ್ಟಿ ಮ್ಯಾಲ ಕುಂತು ಮೊಬೈಲ್‌ನಾಗ ವಿಡಿಯೋ ತಗೀತಿದ್ರು.

ಅನುಷಾ_ಜೆಪಿನಗರ
ತಿರುಗೋದು?

ಸವಿತಾ_ಹುಬ್ಬಳ್ಳಿ
ಬಲಕ್ಕ ತಿರುಗ್ತಾಳ್ರಿ, ಎಡಕ್ಕ ಇನ್ನೂ ಅಂಜಿಕಿ ಐತಿ. ಬುಷ್ ತರಿಸಾಕ ಹಾಕೀನಿ, ಗುರುವಾರ ಬರ್ತಾವ. ಆಮ್ಯಾಲ ಓಂಕಾರ್ ಅವ್ರ, ಆ ಓಲಿ ಹೆಂಗ ಕಲಸೂದು ಅಂತ ಕೇಳಾಕತ್ತಾಳ. ಈ ವೀಲ್‌ನಾಗ ಆಗತೈತೇನು?

ಓಲಿ_ಓಂಕಾರ್
ಆಗುತ್ತೆ, ಬೋರ್ಡ್ ಸ್ವಲ್ಪ ಭಾರ ಅನ್ಸುತ್ತೆ ಅಷ್ಟೇ. ಮೊದಲು ಹುಲ್ಲಿನ ಮೇಲೆ ಬೋರ್ಡ್ ಇಟ್ಟು ನಿಂತಲ್ಲೇ ಬಾಲ ಹೊಡೆಯೋದು ಅಭ್ಯಾಸ ಮಾಡಿಸಿ, ಅಲ್ಲಿ ಗಾಲಿ ಓಡಲ್ಲ. ನಾಳೆ ಬಿಡುವಾದಾಗ ವಿವರವಾಗಿ ಬರೀತೀನಿ. ಯಾವ ಕಾಲು ಮುಂದೆ ಇಟ್ಟು ನಿಲ್ತಾಳೆ ಅಂತ ಮಾತ್ರ ಕೇಳಿ ಹೇಳಿ.